ಮಕ್ಕಳ ಆಟದ ಅಂಗಳ ಪರಿಸರಕ್ಕೆ ಹೊರೆ ಆಗದ ಹಾಗೆ ಮಾಡೋದು ಹೇಗೆ? ಹಂತ ಹಂತವಾಗಿ ನೋಡೋಣ

ಈ ಪ್ರಶ್ನೆ ಮತ್ತೆ ಮತ್ತೆ ಬರ್ತಾನೇ ಇರುತ್ತೆ. ಶಾಲೆಯವರು ಕೇಳ್ತಾರೆ, ಅಪಾರ್ಟ್‌ಮೆಂಟ್ ಕಮಿಟಿಯವರು ಕೇಳ್ತಾರೆ, ಊರಿನ ಪಾರ್ಕ್ ನೋಡ್ಕೊಳ್ಳೋರು ಕೇಳ್ತಾರೆ: "ಮಕ್ಕಳಿಗೆ ಒಂದು ಪ್ಲೇ ಏರಿಯಾ ಮಾಡ್ಬೇಕು, ಪರಿಸರಸ್ನೇಹಿ ಆಗಿರ್ಬೇಕು, ಯಾವ ಸೆಟ್ ತಗೊಳ್ಳೋದು, ಕೆಳಗೆ ರಬ್ಬರ್ ಹಾಕ್ಲಾ ಮರಳು ಹಾಕ್ಲಾ?" ನಾನು ಪ್ರತಿ ಸಲ ಹೇಳೋದು ಒಂದೇ, ಸೆಟ್ ವಿಷಯ ಕೊನೇಲಿ ನೋಡೋಣ, ಮೊದ್ಲು ನಿಮ್ಮ ಜಾಗದಲ್ಲಿ ಏನಿದೆ ಹೇಳಿ. ಮರ ಇದ್ಯಾ, ಏರು ತಗ್ಗು ಇದ್ಯಾ, ಮಳೆ ನೀರು ಎಲ್ಲಿ ಹೋಗಿ ನಿಲ್ಲುತ್ತೆ, ಮಣ್ಣು ಎಂಥದ್ದು. ಕ್ಯಾಟಲಾಗ್ ಹಿಡ್ಕೊಂಡು ಶುರು ಮಾಡಿದ ಕಡೆ ಏನಾಗುತ್ತೆ ಅಂದ್ರೆ, ಜೆಸಿಬಿ ತಂದು ನೆಲ ಸಪಾಟು ಮಾಡ್ತಾರೆ, ಇದ್ದ ಎರಡು ಮರ ಅಡ್ಡ ಅಂತ ಕಡೀತಾರೆ, ಪ್ಲಾಸ್ಟಿಕ್ ಜಾರುಬಂಡೆ ನಿಲ್ಲಿಸ್ತಾರೆ, ಅದರ ಕೆಳಗೆ ರಬ್ಬರ್ ಹಾಸ್ತಾರೆ, ಆಮೇಲೆ ಬಿಸಿಲು ತಡೀದೆ ಮಧ್ಯಾಹ್ನ ಒಂದು ಮಗೂನೂ ಆ ಕಡೆ ಹೋಗಲ್ಲ.

ಸುಸ್ಥಿರ ಅನ್ನೋ ಪದ ಎಲ್ಲರೂ ಬಳಸ್ತಾರೆ, ಆದ್ರಿಂದ ಇಲ್ಲಿ ನಾನು ಯಾವ ಅರ್ಥದಲ್ಲಿ ಬಳಸ್ತಿದೀನಿ ಅಂತ ಮೊದ್ಲೇ ಹೇಳ್ಬಿಡ್ತೀನಿ. ಹೊರಗಿಂದ ತರೋ ಸಾಮಾನು ಆದಷ್ಟು ಕಮ್ಮಿ ಇರ್ಬೇಕು, ಮಳೆ ನೀರು ಅಲ್ಲೇ ಇಂಗ್ಬೇಕು, ಒಂದು ಭಾಗ ಕೆಟ್ರೆ ಅದೊಂದನ್ನೇ ಬಿಚ್ಚಿ ಬದಲಾಯಿಸೋಕೆ ಆಗ್ಬೇಕು, ಮಕ್ಕಳು ವರ್ಷಗಟ್ಟಲೆ ಬೇಜಾರಿಲ್ದೆ ಬಂದು ಆಡ್ಬೇಕು. ಈ ಕೊನೇದು ತುಂಬಾ ಮುಖ್ಯ, ಮಕ್ಕಳೇ ಬರದ ಅಂಗಳ ಎಷ್ಟೇ ಹಸಿರು ವಸ್ತುಗಳಿಂದ ಮಾಡಿದ್ರೂ ಅದು ವ್ಯರ್ಥವೇ.

ಶುರು ಮಾಡೋ ಮುಂಚೆ ಕೈಯಲ್ಲಿ ಇರಬೇಕಾದ್ದು: ಉದ್ದದ ಅಳತೆ ಟೇಪು, ಒಂದು ಗುದ್ದಲಿ, ಎರಡು ಬಕೆಟ್ ನೀರು, ಜಾಗದ ನಕ್ಷೆ (ಕೈಯಲ್ಲಿ ಗೀಚಿದ್ದಾದ್ರೂ ಸಾಕು), ನಿಮ್ಮ ದೇಶದಲ್ಲಿ ಜಾರಿಯಲ್ಲಿರೋ ಆಟದ ಸಲಕರಣೆಯ ಸುರಕ್ಷತಾ ಮಾನದಂಡ. ಯುರೋಪಿನವರು ಇಎನ್ 1176 ಮತ್ತು ಇಎನ್ 1177 ಅನ್ನೋದನ್ನ ಪಾಲಿಸ್ತಾರೆ, ಅಮೆರಿಕದಲ್ಲಿ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ಕೈಪಿಡಿ ಇದೆ, ಅದು ಆನ್‌ಲೈನ್‌ನಲ್ಲಿ ಉಚಿತವಾಗಿ ಸಿಗುತ್ತೆ. ಇನ್ನೊಂದು, ಇದನ್ನ ಯಾರೂ ಪಟ್ಟಿಯಲ್ಲಿ ಬರ್ಕೊಳ್ಳಲ್ಲ: ಅಂಗಳ ಆದ್ಮೇಲೆ ಪ್ರತಿ ವಾರ ಬಂದು ನೋಡೋ ಒಬ್ಬ ವ್ಯಕ್ತಿ. ಅಂಥವರು ಯಾರು ಅಂತ ಈಗ್ಲೇ ಗೊತ್ತಾಗ್ದಿದ್ರೆ ಅಂಗಳ ಚಿಕ್ಕದು ಮಾಡಿ.

1. ಜಾಗವನ್ನ ಸುಮ್ನೆ ನೋಡಿ

ಬೆಳಿಗ್ಗೆ ಒಂದ್ಸಲ, ಮಧ್ಯಾಹ್ನ ಒಂದ್ಸಲ, ಸಂಜೆ ಮಕ್ಕಳು ಆಡೋ ಹೊತ್ತಲ್ಲಿ ಒಂದ್ಸಲ ಹೋಗಿ ನೆರಳು ಎಲ್ಲಿ ಬೀಳುತ್ತೆ ಅಂತ ನಕ್ಷೆ ಮೇಲೆ ಗುರುತು ಮಾಡಿ. ಜೋರು ಮಳೆ ಬಂದ ದಿನ ತಪ್ಪದೆ ಹೋಗಿ, ಆ ಒಂದು ದಿನದಲ್ಲಿ ನೀರು ಯಾವ ದಾರಿ ಹಿಡಿಯುತ್ತೆ, ಎಲ್ಲಿ ನಿಲ್ಲುತ್ತೆ ಅನ್ನೋದು ಯಾವ ಸರ್ವೆಗಿಂತ ಚೆನ್ನಾಗಿ ಗೊತ್ತಾಗುತ್ತೆ. ಹುಲ್ಲು ಸವೆದು ಕಾಲುದಾರಿ ಆಗಿರೋ ಕಡೆ ಗಮನ ಕೊಡಿ, ಮಕ್ಕಳು ಈಗಾಗಲೇ ಓಡಾಡ್ತಿರೋ ದಾರಿ ಅದು, ನಿಮ್ಮ ಪ್ಲಾನ್ ಆ ದಾರೀನ ಮುಚ್ಚಿದ್ರೆ ಅವರು ನಿಮ್ಮ ಗಿಡಗಳ ಮೇಲೇ ಓಡ್ತಾರೆ.

ಮಣ್ಣಿಗೆ ಒಂದು ಸುಲಭದ ಪರೀಕ್ಷೆ ಇದೆ. 30 ಸೆಂಟಿಮೀಟರ್ ಆಳದ ಗುಂಡಿ ತೆಗೀರಿ, ನೀರು ತುಂಬಿಸಿ, ಪೂರ್ತಿ ಇಂಗೋಕೆ ಬಿಡಿ. ಮತ್ತೆ ತುಂಬಿಸಿ, ಈ ಎರಡನೇ ಸಲ ಗಂಟೆಗೆ ಎಷ್ಟು ಇಳೀತು ಅಂತ ಅಳೀರಿ. ಮೊದಲ ಸಲದ ಅಳತೆ ನಂಬಬೇಡಿ, ಒಣ ಮಣ್ಣು ಯಾವಾಗ್ಲೂ ಜಾಸ್ತಿ ಕುಡಿಯುತ್ತೆ. ಗಂಟೆಗೆ ಒಂದೂವರೆ ಸೆಂಟಿಮೀಟರ್‌ಗಿಂತ ಕಮ್ಮಿ ಇಳಿದ್ರೆ ಅದು ಬಿಗಿ ಜೇಡಿಮಣ್ಣು, ಅಲ್ಲಿ ನೀರು ಇಂಗಿಸೋ ಗುಂಡಿ ಮಾಡಿದ್ರೆ ಕೆಸರುಗುಂಡಿ ಆಗುತ್ತೆ ಅಷ್ಟೇ.

ಎಚ್ಚರಿಕೆ: ಜಾಗ ಹಿಂದೆ ಗ್ಯಾರೇಜೋ ಕಾರ್ಖಾನೆಯೋ ಆಗಿದ್ರೆ, ಹಳೇ ಪೇಂಟ್ ಉದುರಿರೋ ಕಟ್ಟಡದ ಪಕ್ಕ ಇದ್ರೆ, ಅಥವಾ ದೊಡ್ಡ ರಸ್ತೆಗೆ ಅಂಟಿಕೊಂಡಿದ್ರೆ ಮಣ್ಣಲ್ಲಿ ಸೀಸ ಇದ್ಯಾ ಅಂತ ಲ್ಯಾಬ್‌ನಲ್ಲಿ ಟೆಸ್ಟ್ ಮಾಡಿಸಿ. ಚಿಕ್ಕ ಮಕ್ಕಳು ಮಣ್ಣು ಮುಟ್ಟಿದ ಕೈ ಬಾಯಿಗೆ ಹಾಕ್ತಾರೆ, ಸೀಸಕ್ಕೆ ಇಷ್ಟರವರೆಗೆ ಪರವಾಗಿಲ್ಲ ಅನ್ನೋ ಸುರಕ್ಷಿತ ಮಟ್ಟವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ.

2. ಮಕ್ಕಳನ್ನ ಕೇಳಿ, ಆದ್ರೆ ಸರಿಯಾಗಿ ಕೇಳಿ

"ನಿಮಗೆ ಏನು ಬೇಕು?" ಅಂತ ಕೇಳಿದ್ರೆ ಮಕ್ಕಳು ಎಲ್ಲೋ ನೋಡಿದ ದೊಡ್ಡ ಜಾರುಬಂಡೆ ಹೆಸರು ಹೇಳ್ತಾರೆ. ಅದರ ಬದಲು ಎಲ್ಲಿ ಬಚ್ಚಿಟ್ಕೊಳ್ತೀಯ, ಎಲ್ಲಿಂದ ಹಾರೋಕೆ ಇಷ್ಟ, ಬೇಜಾರಾದಾಗ ಎಲ್ಲಿ ಹೋಗಿ ಕೂರ್ತೀಯ, ಯಾವ ಮೂಲೆ ಕಂಡ್ರೆ ಭಯ ಅಂತ ಕೇಳಿ. ಇನ್ನೂ ಒಳ್ಳೇದು ಅಂದ್ರೆ ಅವರ ಜೊತೆ ಜಾಗದಲ್ಲಿ ನಡೀರಿ, ಅವರೇ ಕರ್ಕೊಂಡು ಹೋಗಿ ತೋರಿಸ್ತಾರೆ. ಗಾಲಿಕುರ್ಚಿ ಬಳಸೋ ಮಗು, ಕಣ್ಣು ಕಾಣದ ಮಗು, ಗಲಾಟೆ ಆದ್ರೆ ತಡ್ಕೊಳ್ಳೋಕೆ ಆಗದ ಮಗು, ಇವರಲ್ಲಿ ಯಾರು ಬರ್ತಾರೆ ಅಂತ ಈಗ್ಲೇ ತಿಳ್ಕೊಳ್ಳಿ. ಆಮೇಲೆ ಸೇರಿಸೋಣ ಅಂದ್ಕೊಂಡ ರಾಂಪ್ ಸಾಮಾನ್ಯವಾಗಿ ಆಗೋದೇ ಇಲ್ಲ.

ಇಲ್ಲಿ ಒಂದು ಹಳೇ ವಿಷಯ ನೆನಪಿಸ್ಬೇಕು. 1943ರಲ್ಲಿ, ಯುದ್ಧದ ಮಧ್ಯೆ, ಡೆನ್ಮಾರ್ಕಿನ ಕೋಪನ್‌ಹೇಗನ್ ಪಕ್ಕದ ಎಂಡ್ರುಪ್‌ನಲ್ಲಿ ಒಂದು ಆಟದ ಜಾಗ ಶುರುವಾಯ್ತು, ಅದರ ಕಲ್ಪನೆ ಕಾರ್ಲ್ ಥಿಯೊಡೋರ್ ಸೊರೆನ್ಸೆನ್ ಅನ್ನೋ ಉದ್ಯಾನ ವಿನ್ಯಾಸಕಾರರದ್ದು. ಅವರು ಕಟ್ಟಿದ ಚೆಂದದ ಪಾರ್ಕ್‌ಗಳಿಗಿಂತ ಹಳೇ ಮರ, ಇಟ್ಟಿಗೆ ಬಿದ್ದಿರೋ ಜಾಗಗಳಲ್ಲೇ ಮಕ್ಕಳು ಖುಷಿಯಾಗಿ ಆಡ್ತಿದ್ದದ್ದನ್ನ ಅವರು ಗಮನಿಸಿದ್ರು. ಆಮೇಲೆ 1971ರಲ್ಲಿ ಸೈಮನ್ ನಿಕಲ್ಸನ್ ಅನ್ನೋರು ಇದಕ್ಕೆ ಒಂದು ಹೆಸರು ಕೊಟ್ರು, ಲೂಸ್ ಪಾರ್ಟ್ಸ್, ಅಂದ್ರೆ ಎತ್ತಿ, ಎಳೆದು, ಜೋಡಿಸಿ, ಮತ್ತೆ ಬಿಚ್ಚಬಹುದಾದ ಬಿಡಿ ವಸ್ತುಗಳು: ಹಲಗೆ, ಕೋಲು, ಬಟ್ಟೆ, ಕಲ್ಲು, ಮರದ ತುಂಡು, ಪೈಪು. ಪರಿಸರದ ಲೆಕ್ಕದಲ್ಲಿ ಇದಕ್ಕಿಂತ ಹಗುರವಾದ ಆಟದ ಸಾಮಾನು ಇಲ್ಲ, ಹೊಸದಾಗಿ ಏನೂ ತಯಾರಿಸಬೇಕಿಲ್ಲ. ಇಡೋಕೆ ಒಂದು ಮುಚ್ಚಳ ಇರೋ ಪೆಟ್ಟಿಗೆ, ಮೊಳೆ ಚೂರು ಇಲ್ಲದ ವಸ್ತುಗಳನ್ನ ಆರಿಸೋಕೆ ಒಂದು ಕಣ್ಣು, ಇಷ್ಟು ಸಾಕು.

3. ನೆಲ ಮತ್ತು ನೀರು

ಸಪಾಟು ಮಾಡ್ಬೇಡಿ. ಎಲ್ಲಿ ತಗ್ಗು ತೋಡ್ತೀರೋ ಅಲ್ಲಿಯ ಮಣ್ಣನ್ನೇ ಪಕ್ಕದಲ್ಲಿ ದಿಬ್ಬ ಮಾಡಿ, ಮಣ್ಣು ಹೊರಗೆ ಸಾಗಿಸೋ ಲಾರಿ ಖರ್ಚು, ಡೀಸೆಲ್ ಎರಡೂ ಉಳಿಯುತ್ತೆ, ಜೊತೆಗೆ ಹತ್ತೋಕೆ ಉರುಳೋಕೆ ಮಕ್ಕಳಿಗೊಂದು ಗುಡ್ಡ ಸಿಗುತ್ತೆ. ಇಳಿಜಾರು 3 ಮೀಟರ್ ಅಡ್ಡಕ್ಕೆ 1 ಮೀಟರ್ ಎತ್ತರ, ಇದಕ್ಕಿಂತ ಕಡಿದು ಬೇಡ, ಹುಲ್ಲು ಹಿಡಿಯಲ್ಲ, ಮಳೆಗೆ ಕೊಚ್ಚಿ ಹೋಗುತ್ತೆ. ಜಾರುಬಂಡೆ ಬೇಕೇ ಬೇಕು ಅಂದ್ರೆ ಅದನ್ನ ಈ ದಿಬ್ಬದ ಮೈಗೆ ಒರಗಿಸಿ ಕೂರಿಸಿ. ಎತ್ತರದ ಏಣಿ ಬೇಡ, ಗೋಪುರ ಬೇಡ, ಪಕ್ಕಕ್ಕೆ ಬಿದ್ರೂ ಹುಲ್ಲಿನ ಮೇಲೆ ಒಂದು ಗೇಣು ಬೀಳ್ತಾರೆ. ಕಬ್ಬಿಣ, ಕಾಂಕ್ರೀಟ್ ಎಷ್ಟು ಉಳಿಯುತ್ತೆ ಅಂತ ನೀವೇ ಲೆಕ್ಕ ಹಾಕಿ. ನನ್ನನ್ನ ಕೇಳಿದ್ರೆ ಇಡೀ ಅಂಗಳದಲ್ಲಿ ಒಂದೇ ಒಂದು ಕೆಲಸಕ್ಕೆ ದುಡ್ಡಿದೆ ಅಂದ್ರೆ ಅದನ್ನ ದಿಬ್ಬಕ್ಕೇ ಹಾಕಿ ಅಂತೀನಿ.

ನೀರಿಗೆ ಎರಡು ಉಪಾಯ. ಒಂದು ಸ್ವೇಲ್, ಅಂದ್ರೆ ಆಳ ಇಲ್ಲದ, ಅಗಲವಾದ, ಹುಲ್ಲು ಬೆಳೆದ ಕಾಲುವೆ, ಮಳೆ ನೀರು ಇದರಲ್ಲಿ ನಿಧಾನಕ್ಕೆ ಹರಿದು ಇಂಗುತ್ತೆ. ಇನ್ನೊಂದು ರೇನ್ ಗಾರ್ಡನ್, ಒಂದು ತಗ್ಗು, ಅದರಲ್ಲಿ ಒದ್ದೆಗೂ ಒಣಗಿಗೂ ತಾಳೋ ಗಿಡಗಳು. ಸ್ವೇಲ್ ಮೇಲೆ ಒಂದು ಮರದ ದಿಮ್ಮಿ ಸೇತುವೆ ಹಾಕಿ, ನಾಲ್ಕು ಮೆಟ್ಟುಗಲ್ಲು ಇಡಿ, ಮಳೆ ಇಲ್ಲದಾಗ್ಲೂ ಅದು ಆಟದ ಜಾಗವೇ. ನೆದರ್‌ಲ್ಯಾಂಡ್ಸ್‌ನ ರೋಟರ್‌ಡ್ಯಾಮ್‌ನಲ್ಲಿ ಬೆಂಥೆಂಪ್ಲೇನ್ ಅನ್ನೋ ಚೌಕವನ್ನ 2013ರಲ್ಲಿ ಇದೇ ಯೋಚನೆಯಲ್ಲಿ ಮಾಡಿದಾರೆ, ಒಣಗಿದ್ದಾಗ ಆಟದ ಅಂಕಣ, ಜೋರು ಮಳೆ ಬಂದಾಗ ನೀರು ಹಿಡಿದಿಡೋ ತೊಟ್ಟಿ.

ಎಚ್ಚರಿಕೆ: ಮಳೆ ನಿಂತ ಎರಡು ದಿನದೊಳಗೆ ತಗ್ಗಿನ ನೀರು ಪೂರ್ತಿ ಖಾಲಿ ಆಗ್ಬೇಕು. ಬೆಚ್ಚಗಿನ ಹವೆಯಲ್ಲಿ ಸೊಳ್ಳೆ ಮೊಟ್ಟೆಯಿಂದ ಹಾರೋ ಹಂತಕ್ಕೆ ಬರೋಕೆ ಒಂದು ವಾರ, ಹತ್ತು ದಿನ ಸಾಕು. ತಗ್ಗು ಪಾದದ ಗಂಟಿನ ಮಟ್ಟಕ್ಕಿಂತ ಆಳ ಬೇಡ, ತೀರಾ ಚಿಕ್ಕ ಮಕ್ಕಳು ಸ್ವಲ್ಪ ನೀರಲ್ಲೂ ಮುಳುಗ್ತಾರೆ, ದೊಡ್ಡವರ ಕಣ್ಣಿಗೆ ಕಾಣೋ ಜಾಗದಲ್ಲೇ ಇರ್ಲಿ. ಛಾವಣಿ ನೀರನ್ನ ಟ್ಯಾಂಕ್‌ನಲ್ಲಿ ಹಿಡಿದಿಟ್ರೆ ಗಿಡಗಳಿಗೆ ಬಳಸಿ, ಮಕ್ಕಳು ಬಾಯಿಗೆ ಹಾಕೋ ಕಡೆ ಬಿಡ್ಬೇಡಿ.

4. ನೆರಳು, ಗಿಡ

ಇರೋ ಮರ ಉಳಿಸೋದು ಹೊಸ ಹತ್ತು ಸಸಿ ನೆಡೋದಕ್ಕಿಂತ ದೊಡ್ಡ ಕೆಲಸ, ಯಾಕಂದ್ರೆ ಆ ನೆರಳು ನಿಮಗೆ ಇವತ್ತೇ ಬೇಕು. ಮರದ ರೆಂಬೆಗಳು ಎಲ್ಲಿವರೆಗೆ ಚಾಚಿವೆಯೋ ಅಷ್ಟು ಸುತ್ತಳತೆಯ ನೆಲದಲ್ಲಿ ಅಗೆಯೋದು, ಮಣ್ಣು ಪೇರಿಸೋದು, ಗಾಡಿ ನಿಲ್ಲಿಸೋದು ಯಾವುದೂ ಬೇಡ. ಉಸಿರಾಡೋ ಬೇರುಗಳು ಮೇಲ್ಗಡೆ ಮಣ್ಣಲ್ಲೇ ಇರ್ತವೆ, ಬುಡದ ಸುತ್ತ ಮಣ್ಣು ಏರಿಸಿದ ಮರ ತಕ್ಷಣ ಸಾಯಲ್ಲ, ಕೆಲವು ವರ್ಷ ಬಿಟ್ಟು ತುದಿಯಿಂದ ಒಣಗ್ತಾ ಬರುತ್ತೆ, ಆಗ ಯಾಕೆ ಅಂತ ಯಾರಿಗೂ ನೆನಪಿರಲ್ಲ.

ಜಾರುಬಂಡೆ, ಲೋಹದ ಕಂಬಿ, ರಬ್ಬರ್ ನೆಲ ಇವೆಲ್ಲ ನೇರ ಬಿಸಿಲಿಗೆ ಚರ್ಮ ಸುಡೋಷ್ಟು ಕಾಯ್ತವೆ, ಪ್ಲಾಸ್ಟಿಕ್ ಆದ್ರೂ ಅಷ್ಟೇ. ಕೃತಕ ಹುಲ್ಲು ಬೇಸಿಗೆಯಲ್ಲಿ 60 ಡಿಗ್ರಿ ಸೆಲ್ಸಿಯಸ್ ದಾಟುತ್ತೆ, ಪಕ್ಕದ ನಿಜವಾದ ಹುಲ್ಲು ಅದರ ಹತ್ರಕ್ಕೂ ಬರಲ್ಲ. ಕೈ ಹಿಂಬದಿ ಐದು ಸೆಕೆಂಡ್ ಇಡೋಕೆ ಆಗ್ದಿದ್ರೆ ಮಗು ಅಲ್ಲಿ ಆಡೋ ಹಾಗಿಲ್ಲ ಅಂತ ಲೆಕ್ಕ. ಉತ್ತರ ಗೋಲಾರ್ಧದಲ್ಲಿ ಜಾರುಬಂಡೆ ಉತ್ತರಕ್ಕೆ ಮುಖ ಮಾಡಿರ್ಲಿ, ದಕ್ಷಿಣ ಗೋಲಾರ್ಧದಲ್ಲಿ ದಕ್ಷಿಣಕ್ಕೆ. ಸಸಿಗಳು ದೊಡ್ಡವಾಗೋವರೆಗೆ ನೆರಳಿನ ಬಟ್ಟೆ ಕಟ್ಟಿ, ಅದರ ಕಂಬಗಳನ್ನ ಆಮೇಲೆ ಬಿಚ್ಚೋ ಹಾಗೆ ನಿಲ್ಲಿಸಿ.

ಗಿಡ ಆರಿಸೋವಾಗ ನಿಮ್ಮ ಪ್ರದೇಶದ್ದೇ ಆದ, ನೀರು ಕಮ್ಮಿ ಕೇಳೋ ಗಿಡ ನೋಡಿ. ಮುರಿದ್ರೆ ಮತ್ತೆ ಚಿಗುರೋ ಪೊದೆಗಳು ಬೇಕು, ಯಾಕಂದ್ರೆ ಮುರೀತಾರೆ, ಎಲೆ ಕೀಳ್ತಾರೆ, ಅದು ಅವರ ಆಟ, ಅದಕ್ಕೆ ಬೈಯೋ ಅಂಗಳ ಮಾಡಿ ಪ್ರಯೋಜನ ಇಲ್ಲ. ಸಸಿಗಳ ಸುತ್ತ ಮಾತ್ರ ಮೊದಲ ಎರಡು ಮೂರು ವರ್ಷ ಬೇಲಿ ಇರ್ಲಿ, ತುಳಿದು ತುಳಿದು ಮಣ್ಣು ಗಟ್ಟಿಯಾದ್ರೆ ಬೇರಿಗೆ ಗಾಳಿ ಸಿಗಲ್ಲ.

ನೆಡಲೇಬಾರದ್ದು: ಕಣಗಿಲೆ, ಹಳದಿ ಕಣಗಿಲೆ, ಹರಳು, ಗುಲಗಂಜಿ, ದತ್ತೂರಿ. ಎಲ್ಲವೂ ವಿಷ, ಅದರಲ್ಲೂ ಗುಲಗಂಜಿಯ ಕೆಂಪು ಬೀಜ ನೋಡೋಕೆ ಮಣಿ ಥರ ಇರೋದ್ರಿಂದ ಮಕ್ಕಳು ಆರಿಸ್ಕೊಳ್ತಾರೆ. ಪಾರ್ಥೇನಿಯಂ ಕಂಡ್ರೆ ಹೂ ಬಿಡೋ ಮೊದ್ಲೇ ಕೈಗವಸು ಹಾಕ್ಕೊಂಡು ಕಿತ್ತುಹಾಕಿ.

ಮಣ್ಣು ಅಂದ್ರೆ ಕೊಳಕು ಅಂತ ಆಕ್ಷೇಪ ಮಾಡೋ ಪೋಷಕರು ಇದ್ದೇ ಇರ್ತಾರೆ. ಅವರಿಗೆ ಫಿನ್‌ಲ್ಯಾಂಡ್‌ನ ಒಂದು ಅಧ್ಯಯನದ ಬಗ್ಗೆ ಹೇಳಿ. ಡೇಕೇರ್‌ಗಳ ಅಂಗಳಕ್ಕೆ ಕಾಡಿನ ನೆಲದ ಪದರ ಮತ್ತು ಹುಲ್ಲುಹಾಸು ತಂದು ಹಾಕಿ 3ರಿಂದ 5 ವರ್ಷದ ಮಕ್ಕಳನ್ನ 28 ದಿನ ಅಲ್ಲಿ ಆಡೋಕೆ ಬಿಟ್ರು. ಆ ಮಕ್ಕಳ ಚರ್ಮದ ಮೇಲಿನ ಸೂಕ್ಷ್ಮಜೀವಿಗಳ ವೈವಿಧ್ಯ ಹೆಚ್ಚಾಯ್ತು, ರಕ್ತದಲ್ಲಿ ರೋಗನಿರೋಧಕ ವ್ಯವಸ್ಥೆಯನ್ನ ಹದ್ದುಬಸ್ತಿನಲ್ಲಿಡೋ ಕಣಗಳಿಗೆ ಸಂಬಂಧಿಸಿದ ಒಳ್ಳೇ ಬದಲಾವಣೆಗಳೂ ಕಂಡವು. 2020ರಲ್ಲಿ ಪ್ರಕಟವಾದ ಈ ಅಧ್ಯಯನ ಚಿಕ್ಕದು, ಅದರಿಂದ ಮಣ್ಣಲ್ಲಿ ಆಡಿದ್ರೆ ಕಾಯಿಲೆ ಬರಲ್ಲ ಅಂತ ಹೇಳೋಕಾಗಲ್ಲ, ಆದ್ರೆ ಮಣ್ಣಿಗೆ ಹೆದರಿ ಇಡೀ ಅಂಗಳಕ್ಕೆ ಪ್ಲಾಸ್ಟಿಕ್ ಹಾಸೋ ಮುಂಚೆ ಯೋಚನೆ ಮಾಡೋಕೆ ಇಷ್ಟು ಸಾಕು.

5. ಬೀಳೋ ಜಾಗದಲ್ಲಿ ಏನು ಹಾಕೋದು

ಅತಿ ಹೆಚ್ಚು ಜನ ಕೇಳೋದು ಇದನ್ನೇ, ಅತಿ ಹೆಚ್ಚು ತಪ್ಪು ಆಗೋದೂ ಇಲ್ಲೇ, ಆದ್ರಿಂದ ನಿಧಾನಕ್ಕೆ ಓದಿ.

ಮೊದ್ಲು ಒಂದು ಪದ: ಫಾಲ್ ಹೈಟ್, ಅಂದ್ರೆ ಮಗು ನಿಲ್ಲೋ, ಕೂರೋ ಅಥವಾ ನೇತಾಡೋ ಜಾಗದಿಂದ ನೆಲಕ್ಕೆ ಇರೋ ಎತ್ತರ. ಯುರೋಪಿನ ಮಾನದಂಡದಲ್ಲಿ ಇದು 3 ಮೀಟರ್ ಮೀರೋ ಹಾಗಿಲ್ಲ. ಎತ್ತರ ಜಾಸ್ತಿ ಆದಷ್ಟೂ ಕೆಳಗಿನ ಮೆತ್ತನೆ ಪದರ ಜಾಸ್ತಿ ಬೇಕು, ಅಂದ್ರೆ ಸಾಮಾನು ಜಾಸ್ತಿ ಬೇಕು. ಹಾಗಾಗಿ ಪರಿಸರದ ದೃಷ್ಟಿಯಿಂದ ಮೊದಲ ತೀರ್ಮಾನ ಎತ್ತರ ಕಮ್ಮಿ ಮಾಡೋದು. ಒಂದೂವರೆ ಮೀಟರ್ ಒಳಗೇ ಬೇಕಾದಷ್ಟು ಹತ್ತೋ, ತೂಗೋ, ಸಮತೋಲನದ ಆಟ ಮಾಡಬಹುದು.

ಕಾಂಕ್ರೀಟ್, ಡಾಂಬರು, ಗಟ್ಟಿಯಾದ ಮಣ್ಣು ಇವುಗಳ ಮೇಲೆ ಹತ್ತೋ ಸಲಕರಣೆ ಯಾವತ್ತೂ ನಿಲ್ಲಿಸಬಾರದು. ಹುಲ್ಲು ದಟ್ಟವಾಗಿದ್ರೆ ತೀರಾ ತಗ್ಗಿನ ಆಟಗಳಿಗೆ ನಡೆಯುತ್ತೆ, ಆದ್ರೆ ಉಯ್ಯಾಲೆ ಕೆಳಗೆ ಯಾವ ಹುಲ್ಲೂ ಉಳಿಯಲ್ಲ.

ನನ್ನ ಆಯ್ಕೆ ಹೆಚ್ಚಿನ ಕಡೆ ಮರದ ಚಕ್ಕೆ, ವುಡ್ ಚಿಪ್ಸ್ ಅಂತಾರಲ್ಲ ಅದು. ಅಮೆರಿಕದ ಕೈಪಿಡಿ ಪ್ರಕಾರ ಸುಮಾರು 23 ಸೆಂಟಿಮೀಟರ್ ಮರದ ಚಕ್ಕೆ 3 ಮೀಟರ್ ಎತ್ತರದ ಬೀಳುವಿಕೆವರೆಗೆ ರಕ್ಷಣೆ ಕೊಡುತ್ತೆ, ಅಷ್ಟೇ ದಪ್ಪದ ಮರಳು ಕೊಡೋದು ಸುಮಾರು 1.2 ಮೀಟರ್‌ವರೆಗೆ ಮಾತ್ರ. ಈ ದಪ್ಪ ಅದುಮಿಕೊಂಡ ಮೇಲಿನದ್ದು ಅನ್ನೋದು ಮರೀಬೇಡಿ, ಬಿಡಿ ಪದರ ಸುಮಾರು ಕಾಲು ಭಾಗ ಕುಸಿಯುತ್ತೆ, ಆದ್ರಿಂದ ಹಾಕೋವಾಗ 30 ಸೆಂಟಿಮೀಟರ್ ಹಾಕಿ. ಕತ್ತರಿಸಿದ ರೆಂಬೆಗಳಿಂದ್ಲೇ ಚಕ್ಕೆ ಮಾಡಿಸಬಹುದು, ಹಳೇದಾದ್ರೆ ಗೊಬ್ಬರ ಆಗುತ್ತೆ, ಗಿಡದ ಬುಡಕ್ಕೆ ಹಾಕಿ ಹೊಸದು ತುಂಬಿಸಿ. ಮುಳ್ಳಿನ ಮರದ್ದು, ಪೇಂಟ್ ಆದದ್ದು, ರಾಸಾಯನಿಕ ಕುಡಿಸಿದ ಮರದ್ದು ಬೇಡ. ಚಕ್ಕೆ ಕೆಳಗೆ ನೀರು ಬಸಿದು ಹೋಗ್ಲೇಬೇಕು, ಇಲ್ಲಾಂದ್ರೆ ಕೊಳೆತು ಗಟ್ಟಿ ಕೆಸರಾಗುತ್ತೆ. ಗೆದ್ದಲು ಇರೋ ಕಡೆ ಮರದ ಕಂಬಕ್ಕೆ ತಾಗಿಸಿ ರಾಶಿ ಹಾಕ್ಬೇಡಿ.

ಮರಳು ಆಡೋಕೆ ಅದ್ಭುತ, ಮರಳಿನ ಗುಂಡಿ ಇಲ್ಲದ ಅಂಗಳ ಅರ್ಧ ಅಂಗಳ ಅಂತಾನೇ ನನ್ನ ಅಭಿಪ್ರಾಯ. ಆದ್ರೆ ಇಡೀ ಜಾಗಕ್ಕೆ ಮರಳು ಹಾಸಬೇಡಿ. ಜಗತ್ತು ವರ್ಷಕ್ಕೆ ಸುಮಾರು 5,000 ಕೋಟಿ ಟನ್ ಮರಳು ಮತ್ತು ಜಲ್ಲಿ ಬಳಸ್ತಿದೆ ಅಂತ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2022ರಲ್ಲಿ ಹೇಳಿದೆ, ಅದರಲ್ಲಿ ಎಷ್ಟೋ ನದಿ ಬಗೆದು ತಂದದ್ದು. ಆದ್ರಿಂದ ಚಿಕ್ಕ ಗುಂಡಿ, ತೊಳೆದ ದುಂಡು ಕಣದ ಮರಳು, ಕಾನೂನುಬದ್ಧ ಮೂಲದಿಂದ, ರಾತ್ರಿ ಮುಚ್ಚೋಕೆ ಒಂದು ಬಲೆ ಅಥವಾ ಮುಚ್ಚಳ, ಬೆಕ್ಕು ನಾಯಿ ಗಲೀಜು ಮಾಡಿದ್ರೆ ಪರೋಪಜೀವಿ ಹುಳುಗಳ ಮೊಟ್ಟೆ ಮರಳಲ್ಲಿ ತುಂಬಾ ದಿನ ಉಳಿಯುತ್ತೆ. ಕಲ್ಲು ಪುಡಿ ಮಾಡಿದ ಎಂ-ಸ್ಯಾಂಡ್ ಇದಕ್ಕೆ ಆಗಲ್ಲ, ಚೂಪು ಕಣಗಳು ಒಂದಕ್ಕೊಂದು ಕಚ್ಕೊಂಡು ಗಟ್ಟಿಯಾಗ್ತವೆ, ದೂಳೂ ಜಾಸ್ತಿ.

ಇನ್ನು ರಬ್ಬರ್. ಹಳೇ ಟೈರ್ ಪುಡಿ ಮಾಡಿ ಮಾಡಿದ್ದು, ಮರುಬಳಕೆ, ಆದ್ರಿಂದ ಪರಿಸರಸ್ನೇಹಿ ಅಂತ ಮಾರ್ತಾರೆ. ಟೈರ್‌ನಲ್ಲಿ ಪಿಎಎಚ್ ಅನ್ನೋ ರಾಸಾಯನಿಕಗಳ ಗುಂಪಿದೆ, ಇದರಲ್ಲಿ ಕೆಲವು ಕ್ಯಾನ್ಸರ್ ತರಬಲ್ಲವು. ಆಟದ ಜಾಗದಲ್ಲಿ ಸಡಿಲವಾಗಿ ಹರಡೋ ರಬ್ಬರ್ ಕಾಳಿನಲ್ಲಿ ಇಂಥ ಎಂಟು ರಾಸಾಯನಿಕಗಳ ಒಟ್ಟು ಪ್ರಮಾಣ ಕಿಲೋಗೆ 20 ಮಿಲಿಗ್ರಾಂ ಮೀರಬಾರದು ಅನ್ನೋ ಮಿತಿ ಯುರೋಪಿಯನ್ ಒಕ್ಕೂಟದಲ್ಲಿ 2022ರ ಆಗಸ್ಟ್‌ನಿಂದ ಜಾರಿಯಲ್ಲಿದೆ. ಕೃತಕ ಹುಲ್ಲಿನ ಮೈದಾನಕ್ಕೆ ತುಂಬೋ ಪ್ಲಾಸ್ಟಿಕ್, ರಬ್ಬರ್ ಕಾಳುಗಳನ್ನಂತೂ ಮೈಕ್ರೋಪ್ಲಾಸ್ಟಿಕ್ ಅಂತ ಪರಿಗಣಿಸಿ 2031ರಿಂದ ಅವುಗಳ ಮಾರಾಟವನ್ನೇ ನಿಲ್ಲಿಸೋ ನಿಯಮ ಮಾಡಿದಾರೆ. ಅಂಟು ಹಾಕಿ ಎರಕ ಹೊಯ್ದ ರಬ್ಬರ್ ನೆಲ ಹಾಳಾದ ಮೇಲೆ ಮತ್ತೆ ಬೇರ್ಪಡಿಸೋದು ಕಷ್ಟ, ಹೆಚ್ಚಾಗಿ ಕಸಕ್ಕೇ ಹೋಗುತ್ತೆ. ಆದ್ರೆ ಒಂದು ವಿಷಯದಲ್ಲಿ ಅದು ಗೆಲ್ಲುತ್ತೆ: ಗಾಲಿಕುರ್ಚಿ ಅದರ ಮೇಲೆ ಸಲೀಸಾಗಿ ಹೋಗುತ್ತೆ. ಬಿಡಿ ಚಕ್ಕೆ, ಮರಳಿನ ಮೇಲೆ ಹೋಗಲ್ಲ. ಆದ್ರಿಂದ ಗಾಲಿಕುರ್ಚಿಗೆ ಗಟ್ಟಿ ದಾರಿ ಮಾಡಿ, ಅದು ಜಲ್ಲಿಪುಡಿ ಅದುಮಿದ್ದಾದ್ರೂ ಆಗುತ್ತೆ, ಉಯ್ಯಾಲೆಯಂಥ ಒಂದೆರಡು ಆಟದ ಕೆಳಗೆ ಮಾತ್ರ ರಬ್ಬರ್ ಹಾಕ್ಬೇಕಾಗಿ ಬಂದ್ರೆ ಪರೀಕ್ಷಾ ವರದಿ ಕೇಳಿ ತಗೊಂಡು ಹಾಕಿ. ಒಂದು ಮಗು ಹೊರಗೆ ಉಳಿಯೋದಕ್ಕಿಂತ ಅಷ್ಟು ರಬ್ಬರ್ ವಾಸಿ.

ಸುತ್ತ ಎಷ್ಟು ಜಾಗ ಬಿಡ್ಬೇಕು? ನೆಲಕ್ಕೆ ನಾಟಿದ ಸಲಕರಣೆ ಸುತ್ತ 1.8 ಮೀಟರ್ ಮೆತ್ತನೆ ನೆಲ ಇರ್ಲಿ. ಉಯ್ಯಾಲೆಗೆ ಬೇರೆ ಲೆಕ್ಕ, ಅದು ನೇತಾಡೋ ಬಿಂದುವಿಂದ ನೆಲದವರೆಗಿನ ಎತ್ತರ ಎಷ್ಟೋ ಅದರ ಎರಡರಷ್ಟು ಮುಂದಕ್ಕೆ, ಎರಡರಷ್ಟು ಹಿಂದಕ್ಕೆ. 2 ಮೀಟರ್ ಎತ್ತರದ ಉಯ್ಯಾಲೆ ಅಂದ್ರೆ ಒಟ್ಟು 8 ಮೀಟರ್ ಉದ್ದ. ಚಿಕ್ಕ ಜಾಗದಲ್ಲಿ ಉಯ್ಯಾಲೆ ತುರುಕಬೇಡಿ ಅನ್ನೋದು ಇದಕ್ಕೇ.

6. ಈಗ ಸಲಕರಣೆ

ಇಷ್ಟೆಲ್ಲ ಆದ್ಮೇಲೆ ನೋಡಿದ್ರೆ ಕೊಳ್ಳಬೇಕಾದ್ದು ತುಂಬಾ ಕಮ್ಮಿ ಉಳಿದಿರುತ್ತೆ. ಒಂದು ಉಯ್ಯಾಲೆ, ಹತ್ತೋಕೆ ಒಂದು ಚೌಕಟ್ಟು, ದಿಬ್ಬದ ಜಾರುಬಂಡೆ.

ಮರ ಬಳಸೋದಾದ್ರೆ ಚೇಗು, ಅಂದ್ರೆ ಕಾಂಡದ ಮಧ್ಯದ ಗಟ್ಟಿ ಭಾಗ ಬಳಸಿ, ಹೊರಗಿನ ಬಿಳಿ ಭಾಗ ಬೇಗ ಕೊಳೆಯುತ್ತೆ. ಹೊಸ ಮರಕ್ಕೆ ಎಫ್ಎಸ್‌ಸಿ ಥರದ ಪ್ರಮಾಣಪತ್ರ ಕೇಳಿ, ಕಾಡನ್ನ ಜವಾಬ್ದಾರಿಯಿಂದ ನಿರ್ವಹಿಸಿ ತಂದ ಮರ ಅನ್ನೋದಕ್ಕೆ ಅದು ಗುರುತು. ಕಂಬವನ್ನ ನೇರವಾಗಿ ಮಣ್ಣಲ್ಲಿ ಹೂಳೋ ಬದಲು ಕಬ್ಬಿಣದ ಶೂ, ಅಂದ್ರೆ ಕಂಬದ ಬುಡ ಹಿಡಿಯೋ ಕಬ್ಬಿಣದ ಹಿಡಿಕೆ, ಅದರ ಮೇಲೆ ನೆಲದಿಂದ ಸ್ವಲ್ಪ ಮೇಲಕ್ಕೆ ನಿಲ್ಲಿಸಿ, ಕೊಳೆಯೋದು ಯಾವಾಗ್ಲೂ ಮಣ್ಣು ಮತ್ತು ಗಾಳಿ ಸೇರೋ ಆ ಗೆರೆಯಲ್ಲೇ. ಜೋಡಣೆ ಎಲ್ಲ ಬೋಲ್ಟು, ನಟ್ಟು. ಮೊಳೆ, ವೆಲ್ಡಿಂಗ್ ಆದ್ರೆ ಒಂದು ಹಲಗೆ ಹಾಳಾದಾಗ ಇಡೀ ಚೌಕಟ್ಟೇ ಹೋಗುತ್ತೆ. ಬೋಲ್ಟ್ ಅಳತೆ ಎಲ್ಲ ಕಡೆ ಒಂದೇ ಇರ್ಲಿ, ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗೋ ಅಂಥದ್ದು.

ಹಳೇ ಸಾಮಾನು ಮರುಬಳಕೆ ಒಳ್ಳೇದೇ, ಆದ್ರೆ ಇಲ್ಲಿ ಕೆಲವು ಅಪಾಯ ಇದೆ. ಹಳೇ ರೈಲ್ವೆ ಸ್ಲೀಪರ್ ಮರಕ್ಕೆ ಕ್ರಿಯೊಸೋಟ್ ಅನ್ನೋ ಟಾರಿನಂಥ ಎಣ್ಣೆ ಕುಡಿಸಿರ್ತಾರೆ, ಬಿಸಿಲಿಗೆ ಅದು ಒಸರುತ್ತೆ, ಮಕ್ಕಳ ಹತ್ರ ಬೇಡವೇ ಬೇಡ. ಹಸಿರು ಛಾಯೆಯ ಹಳೇ ಮರದಲ್ಲಿ ಸಿಸಿಎ ಅಂದ್ರೆ ಕ್ರೋಮಿಯಂ, ತಾಮ್ರ, ಆರ್ಸೆನಿಕ್ ಮಿಶ್ರಣ ಇರಬಹುದು. ಅಮೆರಿಕದಲ್ಲಿ ಮನೆ, ಆಟದ ಸಲಕರಣೆಗಳ ಮರಕ್ಕೆ ಇದನ್ನ ಕುಡಿಸೋದನ್ನ ತಯಾರಕರು 2003ರ ಕೊನೆಗೆ ನಿಲ್ಲಿಸಿದ್ರು, ಅದಕ್ಕಿಂತ ಹಳೇ ಮರ ಇನ್ನೂ ಕೈಯಿಂದ ಕೈಗೆ ತಿರುಗ್ತಾ ಇದೆ. ಪ್ಯಾಲೆಟ್ (ಸರಕು ಪೇರಿಸಿ ಸಾಗಿಸೋ ಹಲಗೆಯ ಚೌಕಟ್ಟು) ಮರ ತಂದ್ರೆ ಅದರ ಮೇಲಿನ ಮುದ್ರೆ ನೋಡಿ, ಎಚ್‌ಟಿ ಇದ್ರೆ ಬರೀ ಶಾಖ ಕೊಟ್ಟದ್ದು, ಎಂಬಿ ಇದ್ರೆ ಮೀಥೈಲ್ ಬ್ರೋಮೈಡ್ ಅನ್ನೋ ವಿಷಾನಿಲ ಹಾಯಿಸಿದ್ದು, ಅದನ್ನ ಬಿಟ್ಬಿಡಿ. ಟೈರ್ ಉಯ್ಯಾಲೆ ಮಾಡಿದ್ರೆ ಒಳಗಿನ ಉಕ್ಕಿನ ತಂತಿ ಹೊರಗೆ ಬಂದಿಲ್ಲ ಅಂತ ಸುತ್ತ ಕೈಯಾಡಿಸಿ ನೋಡಿ, ಕೆಳಗೆ ತೂತು ಕೊರೀರಿ, ಇಲ್ಲಾಂದ್ರೆ ನೀರು ನಿಂತು ಸೊಳ್ಳೆ. ಪೇಂಟ್ ತಗೊಂಡ್ರೆ ಸೀಸ 90 ಪಿಪಿಎಂ, ಅಂದ್ರೆ ಹತ್ತು ಲಕ್ಷದಲ್ಲಿ 90 ಭಾಗ, ಅದಕ್ಕಿಂತ ಕಮ್ಮಿ ಅಂತ ಬರೆದಿರೋದನ್ನೇ ತಗೊಳ್ಳಿ. ಹಳೇ ಪೇಂಟ್ ಇರೋ ಕಬ್ಬಿಣವನ್ನ ಒಣಗಿದ್ದಾಗ ಉಜ್ಜಬೇಡಿ, ಸೀಸದ ದೂಳು ಏಳುತ್ತೆ.

ಇನ್ನೊಂದು ಅಳತೆ ಬಾಯಿಪಾಠ ಮಾಡ್ಕೊಳ್ಳಿ: 89 ಮಿಲಿಮೀಟರ್‌ಗಿಂತ ದೊಡ್ಡದು, 230ಕ್ಕಿಂತ ಚಿಕ್ಕದು ಆಗಿರೋ ಸಂದು ಎಲ್ಲೂ ಇರಬಾರದು. ಏಣಿ ಮೆಟ್ಟಿಲ ನಡುವೆ, ಕಟಕಟೆ ಕಂಬಿಗಳ ನಡುವೆ, ಎಲ್ಲ ಕಡೆ ಅಳೀರಿ. ಮಗು ಕಾಲು ಮುಂದೆ ಮಾಡಿ ತೂರಿದ್ರೆ ಮೈ ಹೋಗುತ್ತೆ, ತಲೆ ಸಿಕ್ಕಿಕೊಳ್ಳುತ್ತೆ, ಮೈ ಕೆಳಗೆ ಜೋತು ಬೀಳುತ್ತೆ. ಕೈಯಲ್ಲೇ ಕಟ್ಟಿದ ಚೌಕಟ್ಟುಗಳಲ್ಲಿ ನಾನು ಮೊದ್ಲು ಹುಡುಕೋದು ಇದನ್ನೇ. ರಿಸ್ಕ್ ಮತ್ತೆ ಅಪಾಯ ಬೇರೆ ಬೇರೆ. ಎತ್ತರದ ದಿಮ್ಮಿ ಮೇಲೆ ನಡೆಯೋದು ರಿಸ್ಕ್, ಮಗು ಅದನ್ನ ನೋಡುತ್ತೆ, ಅಳೆಯುತ್ತೆ, ಹೋಗ್ಲಾ ಬೇಡ್ವಾ ಅಂತ ತಾನೇ ನಿರ್ಧಾರ ಮಾಡುತ್ತೆ, ಅದು ಬೇಕು. ತಲೆ ಸಿಕ್ಕೋ ಸಂದು ಅಪಾಯ, ಮಗುವಿಗೆ ಅದು ಕಾಣೋದೇ ಇಲ್ಲ.

7. ಕಟ್ಟೋ ಕ್ರಮ

ಮೊದ್ಲು ಮರಗಳ ಸುತ್ತ ಬೇಲಿ, ಆಮೇಲೆ ಮಣ್ಣಿನ ಕೆಲಸ, ಆಮೇಲೆ ಗಿಡ, ಆಮೇಲೆ ಸಲಕರಣೆ, ಕೊನೆಗೆ ಚಕ್ಕೆ. ಗಾಡಿಗಳು ಒಂದೇ ದಾರಿಯಲ್ಲಿ ಬಂದು ಹೋಗ್ಲಿ. ಎಲ್ಲವನ್ನೂ ಒಂದೇ ಸಲ ಮುಗಿಸ್ಬೇಡಿ, ದಿಬ್ಬ ಮತ್ತೆ ಮರಳುಗುಂಡಿ ಮಾಡಿ ಒಂದು ಮಳೆಗಾಲ ಬಿಡಿ, ಮಕ್ಕಳು ಹೇಗೆ ಬಳಸ್ತಾರೆ ನೋಡಿ ಉಳಿದದ್ದು ತೀರ್ಮಾನ ಮಾಡಿ. ದುಡ್ಡಲ್ಲಿ ಒಂದು ಪಾಲು ರಿಪೇರಿಗೆ ಅಂತ ಮೊದ್ಲೇ ತೆಗೆದಿಡಿ, ಉದ್ಘಾಟನೆಗೆ ಎಲ್ಲ ಖರ್ಚಾದ ಅಂಗಳಕ್ಕೆ ಆಮೇಲೆ ಒಂದು ಬೋಲ್ಟ್ ತರೋಕೂ ಯಾರೂ ಇರಲ್ಲ.

8. ಆಮೇಲೆ ನೋಡ್ಕೊಳ್ಳೋದು

ವಾರಕ್ಕೊಮ್ಮೆ ಸುತ್ತು ಹಾಕಿ: ಗಾಜಿನ ಚೂರು, ಮುರಿದ ಹಲಗೆ, ನಿಂತ ನೀರು, ಚದುರಿದ ಚಕ್ಕೆ. ಕಂಬದ ಮೇಲೆ ಚಕ್ಕೆ ಇಷ್ಟು ದಪ್ಪ ಇರ್ಬೇಕು ಅಂತ ಒಂದು ಗೆರೆ ಎಳೆದಿಟ್ರೆ ಟೇಪು ಹಿಡಿಯದೆ ಗೊತ್ತಾಗುತ್ತೆ. ಉಯ್ಯಾಲೆ ಕೆಳಗೆ, ಜಾರುಬಂಡೆ ತುದಿಯಲ್ಲಿ ಮೊದ್ಲು ಖಾಲಿ ಆಗೋದು, ಪ್ರತಿ ವಾರ ಕುಂಟೆಯಲ್ಲಿ ಎಳೆದು ತುಂಬಿಸಿ.

ಒಂದರಿಂದ ಮೂರು ತಿಂಗಳಿಗೊಮ್ಮೆ ಕೈ ಹಾಕಿ ನೋಡಿ. ಉಯ್ಯಾಲೆಯ ಸರಪಳಿ ಮೇಲ್ಗಡೆ ಕೊಕ್ಕೆಗೆ ಸೇರೋ ಜಾಗದಲ್ಲಿ ಲೋಹಕ್ಕೆ ಲೋಹ ಉಜ್ಜಿ ಒಂದು ತೋಡು ಬಿದ್ದಿರುತ್ತೆ, ಕೆಳಗೆ ನಿಂತು ನೋಡಿದ್ರೆ ಕಾಣಲ್ಲ, ಏಣಿ ಹಾಕಿ ಸರಪಳಿ ಎತ್ತಿ ಕೊಕ್ಕೆಯ ಒಳಮೈ ನೋಡ್ಬೇಕು. ದಪ್ಪ ಕಾಲು ಭಾಗ ಸವೆದಿದ್ರೂ ಕಾಯಬೇಡಿ, ಬದಲಾಯಿಸಿ, ಅದು ಚಿಕ್ಕ ಭಾಗ. ಮರದ ಕಂಬಕ್ಕೆ ನೆಲದ ಗೆರೆಯ ಹತ್ರ ಚಕ್ಕೆ ಸರಿಸಿ ಸ್ಕ್ರೂಡ್ರೈವರ್ ಒತ್ತಿ, ಸಲೀಸಾಗಿ ಒಳಗೆ ಹೋದ್ರೆ ಹೊರಗೆ ಎಷ್ಟೇ ಗಟ್ಟಿಯಾಗಿ ಕಂಡ್ರೂ ಒಳಗೆ ಕೊಳೆತಿದೆ ಅಂತ ಅರ್ಥ. ಅವತ್ತೇ ಆ ಆಟ ನಿಲ್ಲಿಸಿ, ಹಗ್ಗ ಕಟ್ಟಿ, ಬೋರ್ಡ್ ಹಾಕಿ. ವರ್ಷಕ್ಕೊಮ್ಮೆ ಗೊತ್ತಿರೋ ಹೊರಗಿನವರಿಂದ ಪೂರ್ತಿ ತಪಾಸಣೆ ಮಾಡಿಸಿ. ಏನು ನೋಡಿದ್ರಿ, ಏನು ಬದಲಾಯಿಸಿದ್ರಿ ಅಂತ ದಿನಾಂಕ ಹಾಕಿ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ, ಜವಾಬ್ದಾರಿ ಒಬ್ಬರಿಂದ ಇನ್ನೊಬ್ಬರಿಗೆ ಹೋದಾಗ ಅದೇ ಆಧಾರ.

ಬಿಚ್ಚಿ ತೆಗೆದ ಭಾಗಗಳನ್ನ ಏನು ಮಾಡೋದು ಅಂತಾನೂ ಕೇಳ್ತಾರೆ. ಪೇಂಟ್, ರಾಸಾಯನಿಕ ಇಲ್ಲದ ಮರ ಆದ್ರೆ ಬೋಲ್ಟು, ಮೊಳೆ ಎಲ್ಲ ತೆಗೆದು ಚಕ್ಕೆ ಮಾಡಿಸಿ ಗಿಡಗಳ ಬುಡಕ್ಕೆ ಹಾಕಿ, ಅಥವಾ ಒಂದು ಮೂಲೆಯಲ್ಲಿ ಪೇರಿಸಿಟ್ರೆ ಹುಳುಹುಪ್ಪಟೆಗೆ ಮನೆಯಾಗುತ್ತೆ, ಮಕ್ಕಳು ಭೂತಗನ್ನಡಿ ಹಿಡ್ಕೊಂಡು ಕೂರ್ತಾರೆ. ಕಬ್ಬಿಣ ಗುಜರಿಗೆ. ಪೇಂಟ್ ಆದ ಅಥವಾ ರಾಸಾಯನಿಕ ಕುಡಿಸಿದ ಮರವನ್ನ ಮಾತ್ರ ಯಾವ ಕಾರಣಕ್ಕೂ ಸುಡಬೇಡಿ, ಹೊಗೆಯಲ್ಲೂ ಬೂದಿಯಲ್ಲೂ ಆ ವಿಷ ಹಾಗೇ ಇರುತ್ತೆ, ಅದನ್ನ ಬೇರೆ ಇಟ್ಟು ಅಪಾಯಕಾರಿ ತ್ಯಾಜ್ಯ ತಗೊಳ್ಳೋರಿಗೇ ಕೊಡಿ.